ಕುಂಬ್ಳೆಯವರ ದವಡೆ, ನಮ್ಮ ಹುಡುಗರ ಬೆರಳು

ರಾಗಿ ಕಟಾವು ಮುಗಿಯಿತೆಂದರೆ ದೊಡ್ಡಬೆಳವಂಗಲದ ಸುತ್ತಮುತ್ತಲ ಖಾಲಿ ಹೊಲಗಳಲ್ಲಿ ಹುಡುಗರು ಮೂರು ಕಡ್ಡಿ ನೆಟ್ಟು ಕ್ರಿಕೆಟ್ ಶುರು ಮಾಡುತ್ತಾರೆ. ಅದರ ಹಿಂದೆಯೇ ಊದಿದ ಬೆರಳು, ಉಳುಕಿದ ಮಣಿಕಟ್ಟು, ಒಡೆದ ತುಟಿಗಳು ನಮ್ಮಂಥ ವೈದ್ಯರ ಬಳಿ ಬರುತ್ತವೆ. ಅದೂ ಪೆಟ್ಟು ಬಿದ್ದು ಮೂರು ನಾಲ್ಕು ದಿನಗಳಾದ ಮೇಲೆ. ಇಷ್ಟು ತಡ ಏಕೆಂದು ಗದರಿದರೆ, "ಕುಂಬ್ಳೆ ದವಡೆ ಮುರಿದರೂ ಬೌಲಿಂಗ್ ಮಾಡಲಿಲ್ಲವೇ ಸಾರ್?" ಎಂದು ಕೇಳುವವರಿದ್ದಾರೆ. ಅನಿಲ್ ಕುಂಬ್ಳೆ ನಿವೃತ್ತರಾದಾಗ ಹುಟ್ಟಿಯೇ ಇರದ ಹುಡುಗರು ಇವರು!

ಓದುಗರೇ, ನಾನೂ ಕುಂಬ್ಳೆಯವರ ಅಭಿಮಾನಿಯೇ. 1990ರಲ್ಲಿ ಕನ್ನಡಕ ಧರಿಸಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದ ಬೆಂಗಳೂರಿನ ಹುಡುಗ, 2008ರ ನವೆಂಬರ್ 2ರಂದು ದೆಹಲಿಯಲ್ಲಿ ವಿದಾಯ ಹೇಳುವಾಗ 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಪಡೆದಿದ್ದರು. 1999ರ ಫೆಬ್ರವರಿಯಲ್ಲಿ ಅದೇ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಉರುಳಿಸಿದ್ದನ್ನು ಮರೆಯುವುದುಂಟೆ? ಆದರೆ ಅವರಿಂದ ಏನನ್ನು ಕಲಿಯಬೇಕು ಎಂಬುದನ್ನು ವೈದ್ಯನಾಗಿ ಹೇಳಲೇಬೇಕು.

ಆಂಟಿಗಾದಲ್ಲಿ ನಡೆದದ್ದು

2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಆಂಟಿಗಾ ಟೆಸ್ಟ್‌ನಲ್ಲಿ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿದು ಕುಂಬ್ಳೆಯವರ ದವಡೆ ಮುರಿಯಿತು. ತಲೆಯಿಂದ ಗದ್ದದವರೆಗೆ ಬ್ಯಾಂಡೇಜು ಸುತ್ತಿಕೊಂಡು ಬಂದು 14 ಓವರ್ ಬೌಲ್ ಮಾಡಿ, ಬ್ರಯನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದರು. ಎಲ್ಲರಿಗೂ ನೆನಪಿರುವುದು ಇಷ್ಟು. ಅನಂತರ ಅವರು ತಡಮಾಡದೆ ಬೆಂಗಳೂರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಅಷ್ಟಾಗಿ ನೆನಪಿಲ್ಲ. ಬ್ಯಾಂಡೇಜು ದವಡೆಗೆ ತಾತ್ಕಾಲಿಕ ಆಸರೆ ಮಾತ್ರ. ಅಂದು ಅವರ ಪಕ್ಕದಲ್ಲಿ ತಂಡದ ಫಿಸಿಯೋ ಇದ್ದರು. ನಮ್ಮ ಹೊಲದ ಬದುವಿನಲ್ಲಿ ಯಾರಿರುತ್ತಾರೆ?

ಭುಜ ಹೇಳುವ ಪಾಠ

ನನ್ನ ದೃಷ್ಟಿಯಲ್ಲಿ ದವಡೆಗಿಂತ ದೊಡ್ಡ ಪಾಠ ಅವರ ಭುಜದ್ದು. ಭುಜದ ಕೀಲನ್ನು ನಾಲ್ಕು ಸ್ನಾಯುಗಳು ಸುತ್ತುವರಿದು ಹಿಡಿದಿರುತ್ತವೆ. ಇದಕ್ಕೆ ರೊಟೇಟರ್ ಕಫ್ ಎನ್ನುತ್ತಾರೆ. ಸಾವಿರಾರು ಬಾರಿ ತೋಳು ತಿರುಗಿಸಿದಾಗ ಈ ಸ್ನಾಯುಗಳ ತುದಿಗಳು ಸವೆಯುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಕುಂಬ್ಳೆ 2001ರ ಪ್ರಸಿದ್ಧ ಆಸ್ಟ್ರೇಲಿಯ ಸರಣಿಯನ್ನೇ ಬಿಟ್ಟುಕೊಟ್ಟರು. ತಿಂಗಳುಗಟ್ಟಲೆ ಆಟವಿಲ್ಲ. ಮರಳಿದ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ 300ನೇ ಟೆಸ್ಟ್ ವಿಕೆಟ್ ಪಡೆದರು. ಅಂದರೆ ಅವರ ಒಟ್ಟು ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಭುಜದ ಚಿಕಿತ್ಸೆಯ ನಂತರ! ನೋವನ್ನು ಮುಚ್ಚಿಟ್ಟಿದ್ದರೆ ಅವು ಸಿಗುತ್ತಿದ್ದವೇ?

ಈ ಮಾತು ಹುಡುಗರಿಗೆ ಮಾತ್ರವಲ್ಲ. ನಮ್ಮ ತಾಲ್ಲೂಕಿನಲ್ಲಿ ಮಗ್ಗದ ಕೆಲಸದವರಿದ್ದಾರೆ, ಗುದ್ದಲಿ ಹಿಡಿಯುವವರಿದ್ದಾರೆ, ಬಿಂದಿಗೆ ಹೊರುವ ತಾಯಂದಿರಿದ್ದಾರೆ. ಆ ಮಗ್ಗುಲಿಗೆ ಮಲಗಿದರೆ ರಾತ್ರಿ ಭುಜ ನೋಯುವುದು, ತಲೆ ಬಾಚಲು ಕೈ ಎತ್ತಲಾಗದಿರುವುದು ಎಚ್ಚರಿಕೆಯ ಲಕ್ಷಣಗಳು. ಎರಡು ಮೂರು ವಾರಗಳಲ್ಲಿ ಕಡಿಮೆಯಾಗದಿದ್ದರೆ ತೋರಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಬಿಗಿಯುವುದು ಹೆಚ್ಚು.

ಪೆಟ್ಟು ಬಿದ್ದಾಗ ಏನು ಮಾಡಬೇಕು?

* ಬೆರಳಿಗೆ ಪೆಟ್ಟು: ಊತ ಏರುವ ಮೊದಲೇ ಉಂಗುರ ತೆಗೆಯಿರಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ. ಬೆರಳನ್ನು ಜಗ್ಗಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಬೆರಳು ಸೊಟ್ಟಗಾಗಿದ್ದರೆ ಅಥವಾ ತುದಿ ತಾನಾಗಿ ನೆಟ್ಟಗಾಗದಿದ್ದರೆ ಎಕ್ಸ್-ರೇ ಬೇಕು.

* ದವಡೆಗೆ ಪೆಟ್ಟು: ಮೇಲಿನ ಮತ್ತು ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಕೆಳತುಟಿ ಮರಗಟ್ಟಿದರೆ ಮೂಳೆ ಮುರಿದಿರಬಹುದು. ಎಚ್ಚರವಿದ್ದರೆ ಮುಂದಕ್ಕೆ ಬಾಗಿಸಿ ಕೂರಿಸಿ, ರಕ್ತ ಉಗುಳಲು ಬಿಡಿ. ಅಂಗಾತ ಮಲಗಿಸಬೇಡಿ, ರಕ್ತ ಶ್ವಾಸನಾಳಕ್ಕೆ ಇಳಿಯಬಹುದು. ತಿನ್ನಲು, ಕುಡಿಯಲು ಏನೂ ಕೊಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

* ಹಲ್ಲು ಉದುರಿದರೆ: ಬೇರನ್ನು ಮುಟ್ಟದೆ ಹಲ್ಲನ್ನು ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರನ್ನು ತಲುಪಲು ನೋಡಿ. ಹಾಲುಹಲ್ಲಾದರೆ ಮತ್ತೆ ಕೂರಿಸುವಂತಿಲ್ಲ.

* ತಲೆಗೆ ಪೆಟ್ಟು: ಪ್ರಜ್ಞೆ ತಪ್ಪಿದರೆ, ಪದೇ ಪದೇ ವಾಂತಿಯಾದರೆ, ಮಂಪರು ಅಥವಾ ಗೊಂದಲ ಕಂಡರೆ 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡಂತೆ ಕಂಡರೂ ಆ ದಿನ ಮತ್ತೆ ಆಟಕ್ಕಿಳಿಸಬೇಡಿ.

ಲೆದರ್ ಚೆಂಡಿನಲ್ಲಿ ಆಡುವವರಿಗೆ ಹೆಲ್ಮೆಟ್ ಇಲ್ಲದೆ ಬ್ಯಾಟ್ ಕೊಡಬಾರದು. ಬೆಳೆಯುವ ಮಕ್ಕಳು ದಿನವಿಡೀ ಬೌಲ್ ಮಾಡುವುದೂ ಸಲ್ಲ.

ನಿಲ್ಲಿಸುವುದೂ ಒಂದು ಕಲೆ

ಕೊನೆಯ ಟೆಸ್ಟ್‌ನಲ್ಲಿ ಕ್ಯಾಚ್ ಹಿಡಿಯಲು ಹೋಗಿ ಕುಂಬ್ಳೆಯವರ ಎಡಗೈ ಬೆರಳು ಸೀಳಿ 11 ಹೊಲಿಗೆ ಬಿದ್ದವು. ಹಾಗಿದ್ದೂ ಬಂದು ಬೌಲ್ ಮಾಡಿದರು, ನಿಜ. ಆದರೆ ಮುಂದಿನ ನಾಗಪುರ ಟೆಸ್ಟ್‌ಗೆ ದೇಹ ಸಿದ್ಧವಿರದೆಂದು ತಿಳಿದಾಗ, ನಾಯಕನ ಸ್ಥಾನದಲ್ಲಿದ್ದೂ 38ನೇ ವಯಸ್ಸಿನಲ್ಲಿ ಆಟ ನಿಲ್ಲಿಸಿದರು. ದೇಹದ ಮಾತನ್ನು ಕೇಳಿಸಿಕೊಂಡ ವಿದಾಯ ಅದು.

ಮನೆಯ ಹಿರಿಯರಲ್ಲಿ ಒಂದು ಮನವಿ. ಮಗ ಆಡಿ ಬಂದ ಸಂಜೆ ಎಷ್ಟು ರನ್ ಹೊಡೆದೆ ಎಂದು ಕೇಳುವ ಜತೆಗೆ, ಎರಡೂ ಕೈ ಚಾಚಿ ತೋರಿಸು ಎನ್ನಿ. ಬೈಗುಳಕ್ಕೆ ಹೆದರಿ ಪೆಟ್ಟು ಮುಚ್ಚಿಡುವ ಹುಡುಗರೇ ಹೆಚ್ಚು. ಮೊದಲು ಚಿಕಿತ್ಸೆ ಕೊಡಿಸಿ, ಬೈಯುವುದು ಆಮೇಲಿರಲಿ.