ವಾಟರ್ ಟ್ಯೂಬು ಮುರಿದರೆ ದೂಳು ಯಾರ ಎದೆಗೆ?

ಚಿನ್ನದ ಧಾರಣೆ ಏರಿತು, ಇಳೀತು ಅನ್ನೋ ಸುದ್ದಿ ಕಂಡಕ್ಟರು ಚಿಲ್ಲರೆ ಕೊಡೋದರೊಳಗೆ ಬಸ್ಸಿನ ತುಂಬ ಸುತ್ತಿ ಬರುತ್ತೆ. ಮದುವೆ ಕಾಲ ಬಂತೆಂದರೆ ಸರಾಫ್ ಬಜಾರಿನಲ್ಲಿ ಕಾಲಿಡೋಕೆ ಜಾಗವಿಲ್ಲ. ಆದರೆ ಆ ಚಿನ್ನ ನೆಲದೊಳಗಿಂದ ಮೇಲೆ ಬರಬೇಕಾದರೆ ಮೊದಲು ಬಂಡೆಗೆ ತೂತು ಬೀಳಬೇಕು. ತೂತು ಇಲ್ಲದೆ ಮದ್ದು ತುಂಬೋ ಹಾಗಿಲ್ಲ, ಮದ್ದು ಸಿಡಿಯದೆ ಅದಿರು ಕೆಳಗೆ ಬೀಳೋದಿಲ್ಲ. ಆ ತೂತು ಕೊರೆಯೋ ಮಷೀನನ್ನು ಸರಿಯಾಗಿಟ್ಟುಕೊಳ್ಳೋ ಫಿಟ್ಟರನ ಬಗ್ಗೆ ಮಾತ್ರ ಯಾರೂ ಮಾತಾಡಿದ್ದು ಕೇಳಿಲ್ಲ.

ನಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಕಂಪನಿ ಶುರುವಾದದ್ದು 1947ರಲ್ಲಿ, ನಿಜಾಮರ ಹೈದರಾಬಾದ್ ಸಂಸ್ಥಾನದ ಕಾಲಕ್ಕೆ. ಇವತ್ತಿಗೂ ನಡೆದಿದೆ. ದೊಡ್ಡ ಗಣಿಗಳಿಗೆ ಈಗ ಚಕ್ರದ ಮೇಲೆ ಓಡಾಡೋ ಜಂಬೋ ಡ್ರಿಲ್ಲುಗಳು ಬಂದಿವೆ, ನಿಜ. ಆದರೆ ಇಕ್ಕಟ್ಟಾದ ಜಾಗಕ್ಕೆ ಜಾಕ್‌ಹ್ಯಾಮರೇ ಗತಿ. ಸುಮಾರು 25 ಕಿಲೋ ತೂಕದ ಕಬ್ಬಿಣದ ದೇಹ, ಕೆಳಗೆ ಅದನ್ನು ಒತ್ತಿ ಹಿಡಿಯೋಕೆ ಗಾಳಿಯಿಂದಲೇ ಉದ್ದವಾಗೋ ಒಂದು ಕಾಲು. ಕರೆಂಟು ಇಲ್ಲ, ಡೀಸೆಲ್ ಇಲ್ಲ. ಮೇಲಿನ ಕಂಪ್ರೆಸರಿನಿಂದ ಪೈಪಿನಲ್ಲಿ ಇಳಿದು ಬರೋ ಗಾಳಿಯೇ ಅದರ ಊಟ.

ಒಳಗಿನ ಕೆಲಸ ಕೇಳಿದರೆ ಸೋಜಿಗವಾಗುತ್ತೆ. ಗಾಳಿ ಒಮ್ಮೆ ಪಿಸ್ಟನ್ನಿನ ಹಿಂದೆ, ಒಮ್ಮೆ ಮುಂದೆ ನುಗ್ಗಿ ಅದನ್ನು ಹಿಂದೆ ಮುಂದೆ ಓಡಿಸುತ್ತೆ. ನಿಮಿಷಕ್ಕೆ ಸುಮಾರು 2000 ಏಟು ರಾಡಿನ ತಲೆ ಮೇಲೆ. ಪಿಸ್ಟನ್ ವಾಪಸು ಹೋಗುವಾಗ ಒಳಗಿನ ಹಲ್ಲುಚಕ್ರ ರಾಡನ್ನು ಸ್ವಲ್ಪ ತಿರುಗಿಸುತ್ತೆ. ಮುಂದಿನ ಏಟು ಹೊಸ ಜಾಗಕ್ಕೆ ಬೀಳುತ್ತೆ. ತಿರುಗಿಸೋ ಪುಟ್ಟ ಕೊಕ್ಕೆಗಳು, ಅಂದರೆ ಪಾಲ್‌ಗಳು, ಸವೆದರೆ ಮಷೀನು ಏಟು ಹಾಕುತ್ತೆ, ರಾಡು ತಿರುಗೋಲ್ಲ. ಕಿವಿ ಪಳಗಿದ ಫಿಟ್ಟರನಿಗೆ ಅದು ಸದ್ದಿನಲ್ಲೇ ಗೊತ್ತಾಗುತ್ತೆ, ಹಳೇ ಡ್ರೈವರಿಗೆ ಗೇರಿನ ಸದ್ದು ತಿಳಿದ ಹಾಗೆ.

ಇಷ್ಟೆಲ್ಲ ಬಡಿದಾಟಕ್ಕೆ ಕಾವಲು ಒಂದೇ: ಎಣ್ಣೆ. ಹೋಸು ಪೈಪಿನ ದಾರಿಯಲ್ಲಿ ಒಂದು ಎಣ್ಣೆ ಡಬ್ಬಿ ಕೂಡಿಸಿರುತ್ತಾರೆ. ಗಾಳಿ ಅಲ್ಲಿಂದ ಹನಿಹನಿ ಎಣ್ಣೆ ಎತ್ತಿಕೊಂಡು ಮಷೀನಿಗೆ ಉಣಿಸುತ್ತೆ. ಪಾಳಿ ಶುರುವಾದಾಗ ಅದು ತುಂಬಿದೆಯೋ ಇಲ್ಲವೋ ನೋಡೋಕೆ ಎರಡು ನಿಮಿಷ ಸಾಕು. ರಾಡಿನ ತಲೆ ಎಣ್ಣೆಯಿಂದ ಹಸಿಯಾಗಿದ್ದರೆ ಸರಿ, ಒಣಗಿದ್ದರೆ ಒಳಗೆ ಪಿಸ್ಟನ್ ಕಾದು ಗೀರುಬೀಳೋ ಹೊತ್ತು ಹತ್ತಿರ ಬಂತೆಂದೇ ಲೆಕ್ಕ. ಹೋಸು ಜೋಡಿಸೋ ಮೊದಲು ಒಮ್ಮೆ ಗಾಳಿ ಬಿಟ್ಟು ಒಳಗಿನ ಮಣ್ಣು, ಕಲ್ಲುಪುಡಿ ಊದಿಬಿಡಬೇಕು. ಇದನ್ನೂ ಬಿಡುವವರುಂಟು. ಹೋಸಿನ ಜೋಡಣೆ ಸಡಿಲವಾಗಿ ಕಳಚಿಕೊಂಡರಂತೂ ಅದು ಹೆಬ್ಬಾವಿನ ಹಾಗೆ ಬಡಿದಾಡುತ್ತೆ; ಎದುರಿಗೆ ಸಿಕ್ಕವನ ಗತಿ ದೇವರಿಗೇ ಗೊತ್ತು.

ರಾಡು ಹಿಡಿದಿಡೋ ಚಕ್ ಬುಷ್ ಅಂತ ಒಂದಿದೆ. ಬೆಲೆ ನೋಡಿದರೆ ಪಿಸ್ಟನ್ನಿಗಿಂತ ಎಷ್ಟೋ ಅಗ್ಗ. ಅದು ಸವೆದು ಅಗಲವಾದರೆ ರಾಡು ಓರೆಯಾಗುತ್ತೆ, ಪಿಸ್ಟನ್ನಿನ ಏಟು ನಡುಮಧ್ಯಕ್ಕೆ ಬೀಳದೆ ಒಂದು ಅಂಚಿಗೆ ಬೀಳುತ್ತೆ. ಆಮೇಲೆ ಪಿಸ್ಟನ್ ಮುಖ ಚೂರಾಗೋದು, ರಾಡಿನ ತಲೆ ಮುರಿಯೋದು ಒಂದರ ಹಿಂದೆ ಒಂದು. ಸವೆದ ಬುಷ್ ಬದಲಿಸೋಕೆ ಹಿಂದುಮುಂದು ನೋಡಿ ಪಿಸ್ಟನ್ನೇ ಹೋಗೋ ತನಕ ಓಡಿಸೋದು ಉಳಿತಾಯವಲ್ಲ, ಅಂಗಡಿ ನಡೆಸೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಿಷ್ಟೂ ಕಬ್ಬಿಣದ ಮಾತಾಯಿತು. ಮನುಷ್ಯನ ಮಾತು ಇರೋದು ವಾಟರ್ ಟ್ಯೂಬಿನಲ್ಲಿ.

ಮಷೀನಿನ ಬೆನ್ನಿನಿಂದ ಪಿಸ್ಟನ್ನಿನ ನಡುವೆ ಹಾದು ರಾಡಿನ ಟೊಳ್ಳಿಗೆ ನೀರು ಬಿಡೋ ಸಣ್ಣ ಕೊಳವೆ ಅದು. ಆ ನೀರು ಬಿಟ್ಟಿನ ತುದಿಗೆ ಹೋಗಿ ಕಲ್ಲುಪುಡಿಯನ್ನು ಕೆಸರು ಮಾಡಿ ಹೊರಗೆ ಹರಿಸುತ್ತೆ. ರಾಡಿನ ತಲೆ ಚೂರಾಗಿದ್ದರೆ, ಬುಷ್ ಸವೆದಿದ್ದರೆ ಟ್ಯೂಬು ಬಾಗುತ್ತೆ, ಮುರಿಯುತ್ತೆ. ಮುರಿದರೆ ನೀರು ಬಿಟ್ಟಿಗೆ ಹೋಗೋ ಬದಲು ಮಷೀನಿನ ಹೊಟ್ಟೆಗೆ ನುಗ್ಗಿ ಎಣ್ಣೆ ತೊಳೆಯುತ್ತೆ, ತುಕ್ಕು ಹಿಡಿಸುತ್ತೆ. ನೀರಿನ ಒತ್ತಡ ಗಾಳಿಯ ಒತ್ತಡಕ್ಕಿಂತ ಕಡಿಮೆ ಇರಬೇಕು ಅನ್ನೋದೂ ಇದಕ್ಕೇ. ಆಗ ಕೆಲವರು ಹುಡುಕೋ ಸುಲಭದ ಉಪಾಯ ಏನು ಗೊತ್ತೇ? ನೀರಿನ ನಲ್ಲಿ ಬಂದ್ ಮಾಡಿ ಒಣಗೇ ಕೊರೆಯೋದು. ಮಷೀನು ಓಡುತ್ತೆ, ಪಾಳಿಯ ಲೆಕ್ಕ ತುಂಬುತ್ತೆ, ಕಲ್ಲಿನ ದೂಳು ಮಾತ್ರ ಕೊರೆಯೋನ ಮೂಗಿಗೆ.

ಚಿನ್ನ ಸಿಗೋದು ಹೆಚ್ಚಾಗಿ ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಆ ಕಲ್ಲಿನ ನವುರು ದೂಳು ಕಣ್ಣಿಗೆ ಕಾಣೋದಿಲ್ಲ, ಕೆಮ್ಮಿದರೆ ಬರೋದಿಲ್ಲ. ಶ್ವಾಸಕೋಶದ ತಳಕ್ಕೆ ಹೋಗಿ ಕೂತು ವರ್ಷಗಟ್ಟಲೆ ಗಾಯದ ಗಂಟು ಕಟ್ಟುತ್ತೆ. ಇದಕ್ಕೆ ಹೆಸರು ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿ ಮಾಡೋ ಔಷಧಿ ಇಲ್ಲ, ಜೊತೆಗೆ ಕ್ಷಯ ಬರೋ ಅಪಾಯ ಬೇರೆ. ನಮ್ಮ ದೇಶದಲ್ಲಿ ಈ ರೋಗ ದೊಡ್ಡದಾಗಿ ದಾಖಲಾಗಿದ್ದು ಬೇರೆಲ್ಲೂ ಅಲ್ಲ, ಕೋಲಾರದ ಚಿನ್ನದ ಗಣಿಯಲ್ಲೇ. 1940ರ ದಶಕದಲ್ಲಿ ಅಲ್ಲಿ ತಪಾಸಣೆಗೆ ಒಳಗಾದ ಸಾವಿರಾರು ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಅದು ಕಂಡಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ರೋಗಕ್ಕೆ ಅಂಥ ತಾರೀಕಿಲ್ಲ, ಕೆಲಸ ಬಿಟ್ಟ ಮೇಲೂ ಬೆಳೆಯುತ್ತೆ.

ಹಾಗಾದರೆ ಫಿಟ್ಟರು ಸುಮ್ಮನಿದ್ದಾರಾ? ಇಲ್ಲ. ನೆಲದಡಿಯ ರಿಪೇರಿ ಅಂದರೆ ಪೇಟೆಯ ಗ್ಯಾರೇಜಲ್ಲ. ತಲೆಯ ಲ್ಯಾಂಪಿನ ಬೆಳಕು, ಕಾಲಡಿ ಕೆಸರು, ಬಿಚ್ಚಿದ ಭಾಗ ಇಡೋಕೆ ಚೊಕ್ಕ ಜಾಗವಿಲ್ಲ. ದೊಡ್ಡ ಕೆಲಸವಿದ್ದರೆ ಮಷೀನು ಕೇಜಿನಲ್ಲಿ ಮೇಲೆ ಹತ್ತಬೇಕು, ಅದರ ಬದಲಿಗೆ ಇನ್ನೊಂದು ಕೆಳಗಿಳಿಯಬೇಕು. ಇನ್ನೊಂದು ಇದ್ದರೆ ತಾನೆ? ಇಲ್ಲದಿದ್ದರೆ ಕೆಟ್ಟದ್ದನ್ನೇ ಓಡಿಸು ಅನ್ನೋ ಒತ್ತಾಯ ಬರುತ್ತೆ. ಅದಿರಿನ ಟನ್ನು ಎಣಿಸೋರು ಬಹಳ. ಬದಲಿಸಿದ ಬುಷ್ಷು, ಟ್ಯೂಬು ಎಣಿಸೋರು ಕಮ್ಮಿ. ಗಾಳಿಯ ಪೈಪಿನಲ್ಲಿ ಕಾಲಿಂಚಿನ ಒಂದು ತೂತಿದ್ದರೆ ಹೆಚ್ಚುಕಡಿಮೆ ಒಂದು ಮಷೀನು ಕುಡಿಯೋವಷ್ಟು ಗಾಳಿ ಸೋರಿಹೋಗುತ್ತೆ. ಆಗ ಮಷೀನು ಸೊರಗುತ್ತೆ, ಬೈಗುಳ ಫಿಟ್ಟರನ ಪಾಲಿಗೆ.

ಗಣಿಯಲ್ಲಿ ಕಾನೂನಾದರೂ ಇದೆ. ಅದರಡಿ ಸಿಲಿಕೋಸಿಸ್ ಕಂಡರೆ ವರದಿ ಮಾಡಲೇಬೇಕು. ಆದರೆ ಇದೇ ಜಾಕ್‌ಹ್ಯಾಮರ್ ಕಲ್ಲು ಕ್ವಾರಿಯಲ್ಲೂ ಇದೆ, ಹೊಲದ ಬಾವಿ ಆಳ ಮಾಡೋ ಟ್ರ್ಯಾಕ್ಟರ್ ಕಂಪ್ರೆಸರಿನ ಹಿಂದೆಯೂ ಇದೆ. ಅಲ್ಲಿ ಬಳಸೋದು ಹೆಚ್ಚಾಗಿ ನೀರಿನ ಸಂಪರ್ಕವೇ ಇಲ್ಲದ ಮಷೀನು. ರಾಡಿನ ಟೊಳ್ಳಿನಲ್ಲಿ ಗಾಳಿ ಊದಿ ಪುಡಿಯನ್ನು ಹೊರಗೆ ಎರಚುತ್ತೆ, ನೇರ ಕೊರೆಯೋನ ಮುಖಕ್ಕೆ. ಫಿಟ್ಟರಿಲ್ಲ, ಎಕ್ಸ್‌ರೇ ಇಲ್ಲ, ಮೂಗಿಗೊಂದು ಟವೆಲ್ಲು. ಸಂಜೆ ಬಸ್ಸಿಗೆ ತಲೆಯೆಲ್ಲ ಬೆಳ್ಳಗಾಗಿ ಹತ್ತೋ ಆ ಹುಡುಗರನ್ನು ನೋಡಿ ಬಟ್ಟೆಗೆ ದೂಳು ಹತ್ತೀತೆಂದು ನಾವು ಪಕ್ಕಕ್ಕೆ ಸರಿದು ನಿಲ್ಲುತ್ತೇವೆ.