ದಾನ ಪಡೆದ ಮೇಲಿನ ಹೊಣೆ: ಆಸ್ಪತ್ರೆ ದತ್ತಿಗಳಲ್ಲಿ ದಾನಿಗಳ ಸಂಪರ್ಕ ಮತ್ತು ಪಾರುಪತ್ಯ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ವರ್ತಕ ಸಮುದಾಯದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಕೊಡುವವರ ವಿನಯಕ್ಕೆ ಇದು ಭೂಷಣವೇ ಸರಿ. ಆದರೆ ಪಡೆಯುವ ಸಂಸ್ಥೆಗೆ ಈ ಮಾತು ಅನ್ವಯಿಸುವುದಿಲ್ಲ. ಯಾರು ಕೊಟ್ಟರು, ಯಾವ ಉದ್ದೇಶಕ್ಕೆ ಕೊಟ್ಟರು, ಯಾವ ದಿನ ಯಾವ ಕೆಲಸಕ್ಕೆ ಅದು ವಿನಿಯೋಗವಾಯಿತು ಎಂಬುದನ್ನು ಪೈಸೆ ಪೈಸೆಯವರೆಗೆ ಬರೆದಿಡುವುದು ಸಂಸ್ಥೆಯ ಕರ್ತವ್ಯ. ದಾನದಿಂದ ನಡೆಯುವ ಆಸ್ಪತ್ರೆಯ ವಿಷಯದಲ್ಲಂತೂ ಈ ಕರ್ತವ್ಯಲೋಪದ ಫಲವನ್ನು ಕೊನೆಗೆ ಅನುಭವಿಸುವವನು ಹಾಸಿಗೆಯ ಮೇಲಿರುವ ಬಡ ರೋಗಿ.

ವ್ಯಾಪಾರಕ್ಕೂ ಧರ್ಮಕ್ಕೂ ಇರುವ ನಂಟು ಇಂದಿನದಲ್ಲ. ಸರಕಿನ ಬೆಲೆಯೊಡನೆ ಇಷ್ಟು ಎಂದು 'ಧರ್ಮಾದಾ' ಬಾಬ್ತನ್ನು ಗಿರಾಕಿಯಿಂದ ಪಡೆದು, ಅದನ್ನು ಪ್ರತ್ಯೇಕ ಖಾತೆಯಲ್ಲಿ ಜಮಾ ಮಾಡಿ, ಧರ್ಮಕಾರ್ಯಕ್ಕೆ ಬಳಸುವ ಪದ್ಧತಿ ದೇಶದ ಹಲವು ಪೇಟೆಗಳಲ್ಲಿ ನಡೆದುಬಂದಿತ್ತು. ಈ ಹಣ ವ್ಯಾಪಾರಿಯ ಆದಾಯವೇ ಎಂಬ ಪ್ರಶ್ನೆ 1970ರ ದಶಕದ ಕೊನೆಯಲ್ಲಿ ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಧರ್ಮಕ್ಕೆಂದು ಪಡೆದ ಹಣ ಆದಾಯವಲ್ಲ, ಅದನ್ನು ಧರ್ಮಕ್ಕೇ ಬಳಸಬೇಕೆಂಬ ಹೊಣೆಯೊಡನೆ ವ್ಯಾಪಾರಿಯ ಕೈಗೆ ಬಂದ ಹಣ ಎಂದು ನ್ಯಾಯಾಲಯ ತೀರ್ಪಿತ್ತಿತು. ಆಸ್ಪತ್ರೆಯ ದತ್ತಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಹಣ ಸಂಸ್ಥೆಯ ಬ್ಯಾಂಕ್ ಖಾತೆಯಲ್ಲಿದ್ದರೂ ಅದರ ಮೇಲೆ ದಾನಿಯ ಉದ್ದೇಶದ ಹಕ್ಕು ಇದ್ದೇ ಇರುತ್ತದೆ.

ಪಾರುಪತ್ಯ ಎಂದರೇನು?

ಹಳೆಯ ಮೈಸೂರು ಸೀಮೆಯಲ್ಲಿ ದೇವಸ್ಥಾನದ ಒಡವೆ, ಜಮೀನು, ಉಗ್ರಾಣಗಳ ಲೆಕ್ಕ ನೋಡಿಕೊಳ್ಳುವವರನ್ನು ಪಾರುಪತ್ತೇಗಾರರೆಂದು ಕರೆಯುತ್ತಿದ್ದರು. ಆಸ್ತಿ ಅವರದಲ್ಲ, ಜವಾಬ್ದಾರಿ ಮಾತ್ರ ಅವರದು. ಆಸ್ಪತ್ರೆ ದತ್ತಿಯಲ್ಲಿ ದಾನಿಗಳ ಸಂಪರ್ಕವನ್ನು ನಿರ್ವಹಿಸುವ ಸಂಯೋಜಕರ ಸ್ಥಾನವೂ ಇಂಥದೇ. ದೇಣಿಗೆ ಕೇಳುವುದು ಈ ಕೆಲಸದ ಒಂದು ಭಾಗ ಮಾತ್ರ. ರಸೀದಿ ನೀಡುವುದು, ಕೃತಜ್ಞತಾ ಪತ್ರ ಕಳುಹಿಸುವುದು, ದಾನಿಯ ಷರತ್ತನ್ನು ಲೆಕ್ಕಪತ್ರ ವಿಭಾಗಕ್ಕೂ ವೈದ್ಯಕೀಯ ವಿಭಾಗಕ್ಕೂ ತಿಳಿಸುವುದು, ವಿನಿಯೋಗದ ವರದಿಯನ್ನು ದಾನಿಗೆ ಮುಟ್ಟಿಸುವುದು ಉಳಿದ ಭಾಗ. ಹೊಸ ಗಿರಾಕಿಯನ್ನು ಹುಡುಕುವುದಕ್ಕಿಂತ ಇರುವ ಗಿರಾಕಿಯನ್ನು ಉಳಿಸಿಕೊಳ್ಳುವುದು ಲೇಸೆಂಬುದು ಪ್ರತಿಯೊಬ್ಬ ಅಂಗಡಿಯವರಿಗೂ ಗೊತ್ತಿರುವ ಸಂಗತಿ. ರಸೀದಿ ಕೊಟ್ಟ ಮೇಲೆ ಮುಂದಿನ ಮನವಿಯವರೆಗೆ ಮೌನವಾಗಿರುವ ಸಂಸ್ಥೆಗೆ ಎರಡನೆಯ ಸಲ ಕೊಡಲು ಯಾರಿಗೂ ಮನಸ್ಸು ಬಾರದು.

ಮದುರೆಯ ಮಾದರಿ

ಈ ವಿಷಯದಲ್ಲಿ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಅನುಭವ ಗಮನಾರ್ಹವಾದುದು. ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿ ಅವರು 1976ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, ಕೇವಲ 11 ಹಾಸಿಗೆಗಳೊಡನೆ ಇದನ್ನು ಆರಂಭಿಸಿದರು. ಹಣ ಕೊಡಬಲ್ಲ ರೋಗಿಗಳಿಂದ ಬಂದ ಉಳಿತಾಯದಲ್ಲಿ ಬಡವರಿಗೆ ಉಚಿತ ಅಥವಾ ಅಲ್ಪ ದರದ ಚಿಕಿತ್ಸೆ ನೀಡುವುದು ಈ ಸಂಸ್ಥೆಯ ಮೂಲ ಸೂತ್ರ. ದಿನನಿತ್ಯದ ಖರ್ಚಿಗೆ ದಾನವನ್ನೇ ನೆಚ್ಚಿಕೊಳ್ಳದ ಸಂಸ್ಥೆಯಿದು. 1992ರಲ್ಲಿ ಅರೋಲ್ಯಾಬ್ ಎಂಬ ಘಟಕವನ್ನು ತೆರೆದು, ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅಳವಡಿಸುವ ಮಸೂರವನ್ನು ಆಮದಿನ ಬೆಲೆಯ ಒಂದು ಸಣ್ಣ ಅಂಶಕ್ಕೆ ಇಲ್ಲಿಯೇ ತಯಾರಿಸಲು ತೊಡಗಿದ್ದು ಸಣ್ಣ ಕೈಗಾರಿಕೋದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶ.

ಹಾಗೆಂದು ಅಲ್ಲಿ ದಾನಿಗಳಿಗೆ ಸ್ಥಾನವಿಲ್ಲವೆಂದಲ್ಲ. ಹಳ್ಳಿಗಳಲ್ಲಿ ನಡೆಯುವ ನೇತ್ರ ಶಿಬಿರಗಳಿಗೆ ಸ್ಥಳೀಯ ಸೇವಾ ಸಂಘಗಳೂ ವರ್ತಕರೂ ಬ್ಯಾಂಕುಗಳೂ ಪ್ರಾಯೋಜಕರಾಗುತ್ತಾರೆ. ಸ್ಥಳದ ಏರ್ಪಾಡು, ಪ್ರಚಾರ ಮತ್ತು ಶಿಬಿರದ ಖರ್ಚು ಪ್ರಾಯೋಜಕರ ಪಾಲಿನದು. ವೈದ್ಯರ ತಂಡವನ್ನು ಕಳುಹಿಸಿ, ಶಸ್ತ್ರಚಿಕಿತ್ಸೆ ಬೇಕಾದವರನ್ನು ಆಸ್ಪತ್ರೆಗೆ ಕರೆದೊಯ್ದು ಗುಣಪಡಿಸುವುದು ಸಂಸ್ಥೆಯ ಪಾಲಿನದು. ಯಾರ ಹೊಣೆ ಎಲ್ಲಿಗೆ ಮುಗಿಯುತ್ತದೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಎಷ್ಟು ಜನ ಬಂದರು, ಎಷ್ಟು ಜನರಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು ಎಂಬುದು ಪ್ರಾಯೋಜಕರ ಕಣ್ಣೆದುರೇ ನಡೆಯುತ್ತದೆ. ದಾನಿಯ ವಿಶ್ವಾಸವನ್ನು ಗಳಿಸಲು ಇದಕ್ಕಿಂತ ಉತ್ತಮ ವರದಿ ಬೇರೊಂದಿಲ್ಲ.

ರಸೀದಿಯಿಂದ ಪ್ರಮಾಣಪತ್ರದವರೆಗೆ

ವರ್ತಕರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ 80ಜಿ ಕುರಿತದ್ದು. 1961ರ ಆದಾಯ ತೆರಿಗೆ ಕಾಯಿದೆಯ ಬದಲಿಗೆ ರಚಿತವಾದ 2025ರ ಕಾಯಿದೆಗೆ 2026ರ ಏಪ್ರಿಲ್ 1 ಜಾರಿಯ ದಿನ. ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾದರೂ ಬಳಕೆಯಲ್ಲಿ ನೆಲೆನಿಂತಿರುವುದು ಹಳೆಯ ಹೆಸರೇ ಆದುದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಳ್ಳಲಾಗಿದೆ.

ಅನುಮೋದನೆ ಪಡೆದ ಧರ್ಮಾರ್ಥ ಆಸ್ಪತ್ರೆಗೆ ನೀಡಿದ ದಾನದಲ್ಲಿ ಸಾಮಾನ್ಯವಾಗಿ ಶೇ. 50ರಷ್ಟು ಮೊತ್ತವನ್ನು ಆದಾಯದಿಂದ ಕಳೆಯಬಹುದು. ಆದರೆ ಹೊಂದಾಣಿಕೆಯ ನಂತರದ ಒಟ್ಟು ಆದಾಯದ ಶೇ. 10ರಷ್ಟು ದಾನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಅಂತಹ ಆದಾಯ 12 ಲಕ್ಷ ರೂ. ಇರುವ ಪಾಲುದಾರಿಕೆ ಸಂಸ್ಥೆಯೊಂದು 1,50,000 ರೂ. ದಾನ ನೀಡಿತೆನ್ನೋಣ. ಲೆಕ್ಕಕ್ಕೆ ಬರುವುದು 1,20,000 ರೂ., ಕಡಿತ ದೊರೆಯುವುದು 60,000 ರೂ. ನಗದಾಗಿ ನೀಡಿದ ದಾನ 2,000 ರೂ. ಮೀರಿದರೆ ಅದಕ್ಕೆ ಕಡಿತವೇ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ವ್ಯಕ್ತಿಗಳಿಗೂ ಶೇ. 22ರ ರಿಯಾಯಿತಿ ದರವನ್ನು ಆಯ್ದುಕೊಂಡ ಕಂಪನಿಗಳಿಗೂ ಈ ಕಡಿತ ದೊರೆಯುವುದಿಲ್ಲ. ತೆರಿಗೆ ಉಳಿಯುತ್ತದೆಂಬ ಭರವಸೆಯನ್ನು ಎಲ್ಲರಿಗೂ ಒಂದೇ ಸಮನೆ ನೀಡುವ ಸಂಯೋಜಕರು ಮುಂದೆ ದಾನಿಯ ಅಸಮಾಧಾನಕ್ಕೆ ಗುರಿಯಾಗುವುದು ಖಂಡಿತ.

2021–22ನೇ ಆರ್ಥಿಕ ವರ್ಷದಿಂದ ರಸೀದಿಯೊಂದೇ ಸಾಲದೆಂಬ ವ್ಯವಸ್ಥೆ ಬಂದಿತು. ಪ್ರತಿಯೊಬ್ಬ ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಇತರ ಗುರುತಿನ ಸಂಖ್ಯೆ, ಮೊತ್ತ ಹಾಗೂ ದಾನದ ಬಗೆಯನ್ನು ಸಂಸ್ಥೆಯು 10ಬಿಡಿ ನಮೂನೆಯಲ್ಲಿ ಮುಂದಿನ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ನೀಡಬೇಕೆಂದು 1961ರ ಕಾಯಿದೆಯಡಿ ವಿಧಿಸಲಾಯಿತು. ವಿಳಂಬಕ್ಕೆ ದಿನವೊಂದಕ್ಕೆ 200 ರೂ. ಶುಲ್ಕ, ಅದರ ಮೇಲೆ 10,000 ರೂ.ಗಳಿಂದ 1 ಲಕ್ಷ ರೂ.ವರೆಗೆ ದಂಡಕ್ಕೂ ಅವಕಾಶವಿರಿಸಲಾಯಿತು. ಸಂಸ್ಥೆಯ ಗುಮಾಸ್ತರು ಪ್ಯಾನ್ ಸಂಖ್ಯೆಯ ಒಂದು ಅಕ್ಷರವನ್ನು ತಪ್ಪಾಗಿ ಬರೆದುಕೊಂಡರೂ ದಾನಿಯ ಕಡಿತ ತಡೆಹಿಡಿಯಲ್ಪಡುತ್ತದೆ. ದಾನ ಪಡೆದ ದಿನವೇ ವಿವರವನ್ನು ದಾನಿಗೆ ಓದಿ ತೋರಿಸಿ ಖಚಿತಪಡಿಸಿಕೊಳ್ಳುವುದು ಇದಕ್ಕೆ ಸುಲಭ ಪರಿಹಾರ.

ಹುಂಡಿಯ ಹಣದ ವಿಷಯದಲ್ಲಿಯೂ ಎಚ್ಚರ ಅಗತ್ಯ. ದಾನಿಯ ಹೆಸರು ವಿಳಾಸಗಳಿಲ್ಲದ ಕಾಣಿಕೆ, ಒಟ್ಟು ದಾನದ ಶೇ. 5 ಅಥವಾ 1 ಲಕ್ಷ ರೂ., ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ, ಮೀರಿದ ಭಾಗಕ್ಕೆ ಶೇ. 30ರ ತೆರಿಗೆ ಬೀಳುತ್ತದೆ. ವರ್ಷದ ಒಟ್ಟು ದಾನ 40 ಲಕ್ಷ ರೂ., ಅದರಲ್ಲಿ ಅನಾಮಧೇಯ ಕಾಣಿಕೆ 5 ಲಕ್ಷ ರೂ. ಇದ್ದರೆ 3 ಲಕ್ಷ ರೂ. ಮೇಲೆ 90,000 ರೂ. ತೆರಿಗೆ. ಔಷಧಿಗೆ ಹೋಗಬೇಕಾದ ಹಣ ಹೀಗೆ ಖಜಾನೆಗೆ ಹೋಗುವುದನ್ನು ಒಂದು ರಸೀದಿ ಪುಸ್ತಕ ತಪ್ಪಿಸಬಲ್ಲದು.

ಉದ್ದೇಶ ಮತ್ತು ವಿನಿಯೋಗ

ದಾನಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೂಲನಿಧಿಗೆ ನೀಡಿದ್ದು ಒಂದು. ಇದಕ್ಕೆ ದಾನಿಯ ನಿರ್ದಿಷ್ಟ ಸೂಚನೆ ಬೇಕು, ಹಣವನ್ನು ಕಾನೂನು ಒಪ್ಪಿದ ಠೇವಣಿಗಳಲ್ಲಿ ಪ್ರತ್ಯೇಕವಾಗಿ ತೊಡಗಿಸಬೇಕು. ಗೊತ್ತಾದ ಕಾರ್ಯಕ್ಕೆಂದೇ ನೀಡಿದ್ದು ಎರಡನೆಯದು. ಸಾಮಾನ್ಯ ಖರ್ಚಿಗೆ ನೀಡಿದ್ದು ಮೂರನೆಯದು. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆಂದು ಬಂದ ಹಣದಲ್ಲಿ ಕಟ್ಟಡಕ್ಕೆ ಸುಣ್ಣ ಬಣ್ಣ ಮಾಡಿಸಿದರೆ, ಕಟ್ಟಡಕ್ಕೆ ಅದು ಎಷ್ಟೇ ಅಗತ್ಯವಿದ್ದರೂ, ದಾನಿಗೆ ಕೊಟ್ಟ ಮಾತು ತಪ್ಪಿದಂತೆಯೇ. ಹಣ ಉಳಿದರೆ ಅಥವಾ ಉದ್ದೇಶ ಈಡೇರದಿದ್ದರೆ ದಾನಿಗೆ ಪತ್ರ ಬರೆದು ಒಪ್ಪಿಗೆ ಪಡೆಯುವುದು ಸರಿಯಾದ ಮಾರ್ಗ.

ವಸ್ತುರೂಪದ ದಾನದಲ್ಲಿ ಇನ್ನೂ ಹೆಚ್ಚಿನ ಸಮಾಲೋಚನೆ ಬೇಕು. ಡಯಾಲಿಸಿಸ್ ಯಂತ್ರವೊಂದನ್ನು ಕೊಡುಗೆಯಾಗಿ ನೀಡಿದೊಡನೆ ರೋಗಿಗೆ ಚಿಕಿತ್ಸೆ ದೊರೆಯುವುದಿಲ್ಲ. ಶುದ್ಧೀಕರಿಸಿದ ನೀರಿನ ಘಟಕ, ತರಬೇತಿ ಪಡೆದ ತಂತ್ರಜ್ಞ, ಡಯಲೈಸರ್ ಹಾಗೂ ಕೊಳವೆಗಳು, ಎಡೆಬಿಡದ ವಿದ್ಯುತ್ತು, ವಾರ್ಷಿಕ ನಿರ್ವಹಣಾ ಒಪ್ಪಂದ, ಇವೆಲ್ಲವೂ ಕೂಡಿದರೆ ಮಾತ್ರ ಯಂತ್ರ ನಡೆಯುತ್ತದೆ. ಮೂತ್ರಪಿಂಡ ಸಂಪೂರ್ಣ ವಿಫಲವಾದ ರೋಗಿಗೆ ವಾರಕ್ಕೆ ಸಾಮಾನ್ಯವಾಗಿ ಎರಡು ಮೂರು ಸಲ ಡಯಾಲಿಸಿಸ್ ಆಗಲೇಬೇಕು. ಆರಂಭಿಸಿ ಆರು ತಿಂಗಳಿಗೆ ನಿಲ್ಲಿಸಿದರೆ ಆತನ ಪ್ರಾಣಕ್ಕೇ ಸಂಚಕಾರ. ಯಂತ್ರದ ಬೆಲೆಯೊಡನೆ ಕನಿಷ್ಠ ಕೆಲವು ವರ್ಷಗಳ ಚಾಲನಾ ವೆಚ್ಚವನ್ನೂ ದಾನಿಯ ಮುಂದಿಡುವ, ಅದು ಹೊಂದದಿದ್ದಾಗ ಯಂತ್ರವನ್ನು ವಿನಯದಿಂದ ನಿರಾಕರಿಸುವ ಧೈರ್ಯ ಸಂಯೋಜಕರಿಗೆ ಇರಬೇಕು.

ತೆರಿಗೆಯ ದೃಷ್ಟಿಯಿಂದಲೂ ವಸ್ತುದಾನ ಲಾಭಕರವಲ್ಲ. 80ಜಿ ಕಡಿತ ಹಣದ ರೂಪದ ದಾನಕ್ಕೆ ಮಾತ್ರ ಸಲ್ಲುತ್ತದೆ. ತನ್ನ ದಾಸ್ತಾನಿನಿಂದ ಮಂಚ, ಹಾಸಿಗೆ, ಬಟ್ಟೆಗಳನ್ನು ಉಚಿತವಾಗಿ ನೀಡುವ ವರ್ತಕರು ಆ ಸರಕಿನ ಮೇಲೆ ಪಡೆದಿದ್ದ ಜಿಎಸ್‌ಟಿ ಹೂಡುವಳಿ ತೆರಿಗೆಯ ಜಮೆಯನ್ನು, ಜಿಎಸ್‌ಟಿ ಕಾಯಿದೆಯ ಕಲಂ 17(5)ರ ಪ್ರಕಾರ, ಹಿಂದಿರುಗಿಸಬೇಕಾಗುತ್ತದೆ.

ಹೆಸರಿನ ಫಲಕ ಮತ್ತು ಪ್ರತಿಫಲ

ತಂದೆತಾಯಿಯರ ಸ್ಮರಣಾರ್ಥ ಕೊಠಡಿಯ ಬಾಗಿಲಿಗೆ ಫಲಕ ಹಾಕಿಸುವುದು ಜನರ ಸಹಜ ಅಪೇಕ್ಷೆ. 2019ರ ಅಕ್ಟೋಬರ್ 11ರ ಜಿಎಸ್‌ಟಿ ಸುತ್ತೋಲೆ ಈ ಕುರಿತು ಸ್ಪಷ್ಟನೆ ನೀಡಿದೆ. ಧರ್ಮಾರ್ಥ ಸಂಸ್ಥೆಗೆ ಕೊಟ್ಟದ್ದು ನಿಜವಾದ ಕೊಡುಗೆಯಾಗಿದ್ದು, ಫಲಕವು ಕೃತಜ್ಞತೆಯ ಸೂಚನೆ ಮಾತ್ರವಾಗಿದ್ದು, ದಾನಿಯ ವ್ಯಾಪಾರಕ್ಕೆ ಜಾಹೀರಾತಾಗದಿದ್ದರೆ ಜಿಎಸ್‌ಟಿ ಇಲ್ಲ. ಅದೇ ಫಲಕದಲ್ಲಿ ಸರಕಿನ ವರ್ಣನೆಯೂ ಅಂಗಡಿಯ ದೂರವಾಣಿಯೂ ಸೇರಿದರೆ ಅದು ಜಾಹೀರಾತು ಸೇವೆಯೆನಿಸುವ ಸಂಭವವುಂಟು.

ದಾನಿಗೆ ನೀಡುವ ಸೌಲಭ್ಯಗಳ ವಿಷಯ ಇದಕ್ಕಿಂತ ಸೂಕ್ಷ್ಮ. ದಾನ ಕೊಟ್ಟವರ ಮನೆಯವರಿಗೆ ಬಿಲ್ಲಿನಲ್ಲಿ ರಿಯಾಯಿತಿ, ಸರದಿ ತಪ್ಪಿಸಿ ಹಾಸಿಗೆ ಎಂಬ ಅಲಿಖಿತ ರೂಢಿ ಕೆಲವೆಡೆ ಬೆಳೆಯುತ್ತದೆ. ವರ್ಷದಲ್ಲಿ 1 ಲಕ್ಷ ರೂ. ಅಥವಾ ಒಟ್ಟಾರೆ 10 ಲಕ್ಷ ರೂ. ಮೀರಿ ನೀಡಿದವರನ್ನು, 2025ರ ಹಣಕಾಸು ಕಾಯಿದೆಯ ತಿದ್ದುಪಡಿಯ ನಂತರ, ಗಣನೀಯ ದಾನಿಗಳೆಂದು ಪರಿಗಣಿಸಲಾಗುತ್ತದೆ. ಅಂಥವರಿಗೆ ಸಂಸ್ಥೆಯ ಆಸ್ತಿ ಅಥವಾ ಆದಾಯದಿಂದ ಅನುಚಿತ ಲಾಭ ದೊರಕಿಸಿದರೆ ಸಂಸ್ಥೆಯ ತೆರಿಗೆ ವಿನಾಯಿತಿಗೇ ಧಕ್ಕೆ. ಕಾನೂನಿನ ಮಾತು ಹಾಗಿರಲಿ. ಸರದಿಯಲ್ಲಿ ಹಿಂದೆ ತಳ್ಳಲ್ಪಟ್ಟವನ ನೋವಿಗೆ ಯಾವ ವಿನಾಯಿತಿಯೂ ಉತ್ತರವಾಗದು.

ರೋಗಿಯ ಮರ್ಯಾದೆಯ ಪ್ರಶ್ನೆಯೂ ಇದೆ. ಗುಣಮುಖನಾದ ಬಾಲಕನ ಭಾವಚಿತ್ರ ದಾನಿಯ ಮನವನ್ನು ತಟ್ಟುವುದು ನಿಜ. ಆದರೆ ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಹೆಸರು, ಊರು, ರೋಗದ ವಿವರಗಳನ್ನು ಪ್ರಕಟಿಸುವುದು ಸಲ್ಲದು. ಒಪ್ಪದಿದ್ದರೆ ಚಿಕಿತ್ಸೆ ದೊರೆಯದೇನೋ ಎಂಬ ಭಯದಲ್ಲಿ ನೀಡಿದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಸಂಖ್ಯೆಗಳನ್ನೂ ಖರ್ಚಿನ ವಿವರವನ್ನೂ ನೀಡಿದರೆ ವ್ಯವಹಾರಸ್ಥ ದಾನಿಗೆ ಬಹುಮಟ್ಟಿಗೆ ಸಾಕಾಗುತ್ತದೆ.

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರು ತವರಿನ ಆಸ್ಪತ್ರೆಗೆ ನೆರವಾಗಲು ಮುಂದೆ ಬಂದಾಗ ಪೌರತ್ವವನ್ನು ವಿಚಾರಿಸುವುದು ಅನಿವಾರ್ಯ. ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವರು ಸ್ವಂತ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ವಿದೇಶಿ ಪೌರತ್ವ ಪಡೆದವರು, ಒಸಿಐ ಕಾರ್ಡ್ ಹೊಂದಿದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆ. ಅದನ್ನು ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಬೇಕು. 2020ರ ತಿದ್ದುಪಡಿಯ ಪ್ರಕಾರ ಹಣ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ವರ್ತಕರು ಕೇಳಬೇಕಾದ ಪ್ರಶ್ನೆಗಳು

ದೊಡ್ಡ ಮೊತ್ತದ ದಾನಕ್ಕೆ ಮುನ್ನ ಸಂಸ್ಥೆಯ ನೋಂದಣಿ ಹಾಗೂ 80ಜಿ ಅನುಮೋದನೆಯ ಅವಧಿ, ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧಿತ ತಃಖ್ತೆ, ಉದ್ದೇಶಿತ ಕಾರ್ಯದ ಅಂದಾಜು ಪಟ್ಟಿ, ವಿನಿಯೋಗದ ವರದಿ ಬರುವ ದಿನಾಂಕ, ಹಣ ಉಳಿದರೆ ಮಾಡುವ ಏರ್ಪಾಡು, ಇಷ್ಟನ್ನು ಕೇಳುವುದು ಅವಿಶ್ವಾಸವಲ್ಲ. ಸರಕು ಕೊಳ್ಳುವಾಗ ತೂಕ ನೋಡುವ ವರ್ತಕರು ದಾನದಲ್ಲಿಯೂ ತೂಕ ನೋಡಿದರೆ ಸಂಸ್ಥೆಗೇ ಹಿತ. ಹಾಗೆಯೇ ಸಂಸ್ಥೆಯು ಸಂಬಳ, ವಿದ್ಯುತ್ ಬಿಲ್ಲು, ಲೆಕ್ಕಪತ್ರದ ಖರ್ಚಿಗೆ ಒಂದು ಪಾಲು ಬೇಕೆಂದು ಮುಚ್ಚುಮರೆಯಿಲ್ಲದೆ ಹೇಳಿದಾಗ ದಾನಿಗಳು ಮುಖ ಸಿಂಡರಿಸಬಾರದು. ಅಂಗಡಿಯ ಖರ್ಚಿಲ್ಲದೆ ವ್ಯಾಪಾರ ನಡೆಯುವುದಿಲ್ಲವೆಂಬುದನ್ನು ಅವರಿಗೆ ಬೇರೆಯಾಗಿ ತಿಳಿಸಬೇಕಾಗಿಲ್ಲ.

ಪೂರ್ಣಾವಧಿ ಸಂಯೋಜಕರನ್ನು ನೇಮಿಸಿಕೊಳ್ಳುವ ಶಕ್ತಿ ಸಣ್ಣ ಆಸ್ಪತ್ರೆಗಳಿಗೆ ಇರುವುದಿಲ್ಲ. ಅಂಥಲ್ಲಿ ಒಂದು ದಾನಿಗಳ ದಫ್ತರು, ಉದ್ದೇಶಕ್ಕೊಂದು ಖಾತೆ, ಆರು ತಿಂಗಳಿಗೊಮ್ಮೆ ಒಂದು ಪುಟದ ವರದಿ, ಇಷ್ಟರಿಂದ ಆರಂಭಿಸಬಹುದು. ಊರಿನ ವಾಣಿಜ್ಯ ಸಂಘಗಳ ಸದಸ್ಯರಲ್ಲಿ ಲೆಕ್ಕ ಬಲ್ಲವರಿಗೆ ಕೊರತೆಯಿಲ್ಲ. ಚೆಕ್ಕಿನೊಡನೆ ತಿಂಗಳಿಗೆ ಎರಡು ಗಂಟೆಯ ಸಮಯವನ್ನೂ ಅವರು ಸಮೀಪದ ಧರ್ಮಾರ್ಥ ಆಸ್ಪತ್ರೆಗೆ ಕೊಟ್ಟರೆ ಮುಂದಿನ ಮೇ 31ರೊಳಗೆ ಅಲ್ಲಿನ ದಫ್ತರು ಒಂದು ಶಿಸ್ತಿಗೆ ಬಂದೀತು.