ರೇಡಾರ್ ಧ್ರುವೀಕರಣ: ಚಾಲಕರಹಿತ ಯಂತ್ರಗಳಿಗೆ ನೆಲದ ಪರಿಚಯ

ಗೋದಾಮು, ಗಣಿ, ತೋಟಗಳಲ್ಲಿ ಚಾಲಕನಿಲ್ಲದೆ ಚಲಿಸುವ ಯಂತ್ರಗಳ ಬಳಕೆ ಹೆಚ್ಚುತ್ತಿದೆ. ಇಂತಹ ಯಂತ್ರವು ಅಡಚಣೆಯನ್ನು ಕಂಡರಷ್ಟೇ ಸಾಲದು. ಮುಂದಿರುವುದು ತುಳಿದು ಸಾಗಬಹುದಾದ ಹುಲ್ಲೋ, ಚಕ್ರ ಮುರಿಯುವ ಬಂಡೆಯೋ ಎಂಬುದನ್ನೂ ಅರಿಯಬೇಕು. ತಪ್ಪು ಗ್ರಹಿಸಿದರೆ ಯಂತ್ರ ವೃಥಾ ನಿಂತು ಕೆಲಸ ಕೆಡುತ್ತದೆ, ಇಲ್ಲವೇ ಮುನ್ನುಗ್ಗಿ ಹಾನಿಗೀಡಾಗುತ್ತದೆ. 2004ರಲ್ಲಿ ಅಮೆರಿಕದ ಡಾರ್ಪಾ ಸಂಸ್ಥೆ ಮೊಹಾವಿ ಮರುಭೂಮಿಯಲ್ಲಿ ನಡೆಸಿದ ಸ್ಪರ್ಧೆಯಲ್ಲಿ, 200 ಕಿ.ಮೀ.ಗೂ ಮಿಕ್ಕಿದ ದಾರಿಯಲ್ಲಿ ಅತಿ ಮುಂದೆ ಸಾಗಿದ ವಾಹನವೂ 12 ಕಿ.ಮೀ. ಕ್ರಮಿಸಲಿಲ್ಲ.

ಕ್ಯಾಮೆರಾ ಹಾಗೂ ಲೇಸರ್ ಸಾಧನಗಳು ದಟ್ಟ ಧೂಳು, ಮಂಜುಗಳಲ್ಲಿ ಸೋಲುತ್ತವೆ. ರೇಡಾರ್ ಅಲೆಗಳು ಅವನ್ನು ಬಹುಮಟ್ಟಿಗೆ ಹಾಯ್ದುಹೋಗುತ್ತವೆ. ಆದರೆ ಸಾಮಾನ್ಯ ರೇಡಾರ್ ವಸ್ತುವಿನ ದೂರ, ದಿಕ್ಕು, ವೇಗಗಳನ್ನು ತಿಳಿಸುವುದೇ ಹೊರತು ಅದರ ಸ್ವರೂಪವನ್ನಲ್ಲ. ಈ ಕೊರತೆಯನ್ನು ನೀಗಲು ಧ್ರುವೀಕರಣ ನೆರವಾಗುತ್ತದೆ.

ತತ್ತ್ವವೇನು?

ಅಲೆಯ ವಿದ್ಯುತ್ ಕ್ಷೇತ್ರವು ಕಂಪಿಸುವ ದಿಕ್ಕೇ ಧ್ರುವೀಕರಣ. ಅಡ್ಡ ಮತ್ತು ಲಂಬ ಕಂಪನದ ಅಲೆಗಳನ್ನು ಒಂದಾದ ಮೇಲೊಂದರಂತೆ ಕಳುಹಿಸಿ, ಮರಳಿದ್ದನ್ನು ಎರಡೂ ದಿಕ್ಕುಗಳಲ್ಲಿ ಅಳೆದರೆ ನಾಲ್ಕು ಅಳತೆಗಳು ದೊರೆಯುತ್ತವೆ. ಇವುಗಳ ಅನುಪಾತವೇ ನೆಲದ ಗುರುತು.

* ನಯವಾದ ಕಾಂಕ್ರೀಟು, ನಿಂತ ನೀರು: ಓರೆಯಾಗಿ ಬಿದ್ದ ಅಲೆ ಮುಂದಕ್ಕೆ ಜಾರುತ್ತದೆ, ಮರಳುವುದು ಅತ್ಯಲ್ಪ.
* ಜಲ್ಲಿ: 77 ಗಿಗಾಹರ್ಟ್ಸ್ ರೇಡಾರಿನ ಅಲೆಯ ಉದ್ದ ಸುಮಾರು 3.9 ಮಿ.ಮೀ. ಮಾತ್ರ. ಆದ್ದರಿಂದ ಜಲ್ಲಿಯ ಒರಟು ಮೈಯಿಂದ ಪ್ರಬಲ ಪ್ರತಿಧ್ವನಿ ಬರುತ್ತದೆ.
* ಹುಲ್ಲು, ಪೊದೆ: ಎಲೆಕಡ್ಡಿಗಳು ಅಲೆಯನ್ನು ಹಲವು ದಿಕ್ಕಿಗೆ ತಿರುಗಿಸುವುದರಿಂದ, ಕಳುಹಿಸಿದ್ದಕ್ಕೆ ಅಡ್ಡವಾದ ದಿಕ್ಕಿನ ಪಾಲು ಹೆಚ್ಚುತ್ತದೆ.
* ಗೋಡೆ ಮತ್ತು ನೆಲದ ಮೂಲೆ: ಅಲೆ ಎರಡು ಬಾರಿ ಪುಟಿಯುವುದರಿಂದ ಅಡ್ಡ ಮತ್ತು ಲಂಬ ಪ್ರತಿಧ್ವನಿಗಳ ಹಂತಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಉಕ್ಕಿನ ಕಪಾಟುಗಳಿರುವ ಗೋದಾಮಿನಲ್ಲಿ ಅಲೆಗಳು ಹಲವು ಬಾರಿ ಪುಟಿದು ಇಲ್ಲದ ವಸ್ತುವನ್ನು ಇದ್ದಂತೆ ತೋರಿಸುವುದುಂಟು. ವರ್ತುಲಾಕಾರದಲ್ಲಿ ಧ್ರುವೀಕರಿಸಿದ ಅಲೆಯು ಪ್ರತಿ ಪುಟಿತಕ್ಕೂ ತನ್ನ ಸುತ್ತನ್ನು ಎಡಬಲ ಬದಲಿಸುವುದರಿಂದ, ಇಂತಹ ಹುಸಿ ಬಿಂಬಗಳಲ್ಲಿ ಕೆಲವನ್ನು ಬೇರ್ಪಡಿಸಬಹುದು.

ಉದ್ಯಮಿಗಳು ಗಮನಿಸಬೇಕಾದುದು

ಭೂವೀಕ್ಷಣೆಯಲ್ಲಿ ಈ ವಿದ್ಯೆ ಹೊಸದಲ್ಲ. ಇಸ್ರೋ 2012ರಲ್ಲಿ ಉಡಾಯಿಸಿದ ರಿಸ್ಯಾಟ್-1 ಉಪಗ್ರಹದಲ್ಲಿಯೂ ಬಹುಧ್ರುವೀಕರಣದ ರೇಡಾರ್ ಇತ್ತು. ನೆಲದ ಯಂತ್ರಗಳಲ್ಲಿ ತೊಡಕಿರುವುದು ವೆಚ್ಚದಲ್ಲಿ: ಹೆಚ್ಚುವರಿ ಆಂಟೆನಾ, ಹೆಚ್ಚುವರಿ ಗ್ರಾಹಕ ಮಾರ್ಗ, ನಿಖರ ಮಾಪನಾಂಕನ ಎಲ್ಲವೂ ಬೇಕು. ಒದ್ದೆ ನೆಲ ಒಣ ನೆಲದಂತೆ ವರ್ತಿಸದು. ರೇಡಾರಿನ ಮುಚ್ಚಳದ ಮೇಲಿನ ಲೋಹಮಿಶ್ರಿತ ಬಣ್ಣವೂ ನೀರಿನ ಪದರವೂ ಅಳತೆಯನ್ನು ಕೆಡಿಸುತ್ತವೆ.

ಆದುದರಿಂದ ಖರೀದಿಗೆ ಮುನ್ನ ಯಂತ್ರವು ಎಷ್ಟು ಧ್ರುವೀಕರಣಗಳನ್ನು ಅಳೆಯುತ್ತದೆ, ಅವು ಒಂದರೊಳಗೊಂದು ಬೆರೆಯದಂತೆ ಎಷ್ಟರಮಟ್ಟಿಗೆ ಬೇರ್ಪಟ್ಟಿವೆ ಎಂಬುದನ್ನು ವಿಚಾರಿಸುವುದು ಒಳಿತು. ತಮ್ಮದೇ ಆವರಣದಲ್ಲಿ, ಒಣ ಹಾಗೂ ಒದ್ದೆ ನೆಲಗಳೆರಡರಲ್ಲಿಯೂ ಪರೀಕ್ಷಿಸಿದ ಬಳಿಕವೇ ಹಣ ತೊಡಗಿಸುವುದು ಕ್ಷೇಮಕರ.